ಮೆಟ್ಟಿಲಿಗೊಂದು ಗ್ರಾಫಿಕ್ಸ್ ಕಾರ್ಡು

ಹಲ್ಲಿನ ಡಾಕ್ಟರಿಗೆ ಒಂದೇ ಒಂದು ಕೊರಗು. ಕ್ಲಿನಿಕ್ಕಿನಲ್ಲಿ ಅವರೆದುರು ಎಲ್ಲರೂ ಬಾಯಿ ತೆರೆಯುತ್ತಿದ್ದರೇ ಹೊರತು ಎದುರು ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಬಾಯಿ ತೆರೆದರೆ ಅದು ಎದುರು ಮಾತಾಡುವುದಕ್ಕೇ.

ಈ ಸಲದ ಜಗಳ ಮೆಟ್ಟಿಲಿನದು. ಅಡುಗೆಮನೆಯ ಮೂಲೆಯಿಂದ ಮೇಲಿನ ಕೋಣೆಗೆ ಸುರುಳಿ ಮೆಟ್ಟಿಲು ಬರಬೇಕೆಂದು ಡಾಕ್ಟರ ಹಟ. ಹೆಂಡತಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸದವಳು.

"ಅಲ್ಲಿ ತೊಲೆ ಇದೆ ರೀ, ತಲೆಗೆ ಬಡಿಯುತ್ತೆ. ಹಜಾರದಲ್ಲಿ ಹಾಕಿಸೋಣ," ಎಂದಳು.

"ಬಡಿಯಲ್ಲ. ಕಂಪ್ಯೂಟರಿನ ನಕ್ಷೇಲಿ ತಿರುಗಿಸಿ ತೋರಿಸು, ನೋಡೋಣ."

ಡಾಕ್ಟರು ವಿಂಡೋಸ್ ಬದಲು ಲಿನಕ್ಸ್ ಹಾಕಿ ಹನ್ನೊಂದು ವರ್ಷದಿಂದ ಸಾಕಿಕೊಂಡು ಬಂದಿದ್ದ ಕಂಪ್ಯೂಟರು, ಮೆಟ್ಟಿಲನ್ನು ಕಾಲು ಸುತ್ತು ತಿರುಗಿಸಿ ಅಲ್ಲೇ ಧ್ಯಾನಕ್ಕೆ ಕುಳಿತಿತು.

"ನೋಡಿದ್ಯಾ? ತಪ್ಪು ನನ್ನ ಮೆಟ್ಟಿಲಿಂದಲ್ಲ ಕಣೇ, ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡಿಂದು. ಮುದಿಯಾಗಿದೆ."

ಬಡಗಿ ಸೋಮವಾರ ಬೆಳಿಗ್ಗೆ ಬರುವವನಿದ್ದ. ಶನಿವಾರ ಹೊಸ ಕಾರ್ಡು ಮನೆಗೆ ಬಂತು.

"ಕಾರ್ಡು ಬಂತಂತಲ್ಲ, ಯಾರ ಮದುವೆ?" ಎಂದು ಡಾಕ್ಟರ ಅತ್ತೆ ಒಳಗಿನಿಂದ ಕೇಳಿದರು.

"ಕಂಪ್ಯೂಟರಿಂದು, ಅತ್ತೆ."

"ಆಗ್ಲಿ ಬಿಡಿ, ಅದಕ್ಕೂ ವಯಸ್ಸು ಮೀರ್ತಾ ಇತ್ತು."

ಡಾಕ್ಟರು ಹಳೆಯ ಕಾರ್ಡನ್ನು ಅಲುಗಿಸಿ, ಸಡಿಲಿಸಿ, ಒಂದೇ ಎಳೆತಕ್ಕೆ ಕಿತ್ತರು. (ಕೀಳುವುದರಲ್ಲಿ ಅವರ ಕೈಗೆ ಸಾಟಿಯಿರಲಿಲ್ಲ. ಪೇಚಾಟವೆಲ್ಲ ಕೂರಿಸುವಾಗ.) ಹೊಸದು ಹಳೆಯದಕ್ಕಿಂತ ನಾಲ್ಕು ಬೆರಳು ಉದ್ದವಿತ್ತು, ಹಾರ್ಡ್ ಡಿಸ್ಕಿನ ಗೂಡು ಅಡ್ಡ ಬಂತು. ಗೂಡನ್ನೇ ಬಿಚ್ಚಿ ಡಿಸ್ಕನ್ನು ಪೆಟ್ಟಿಗೆಯ ತಳಕ್ಕಿಳಿಸಿದರು. ಕಾರ್ಡು ಕೂತ ಮೇಲೆ ಗೊತ್ತಾಯಿತು, ಅದಕ್ಕೆ ಕರೆಂಟಿನ ಬೇರೆಯೇ ವೈರು ಬೇಕು, ಹಳೆಯ ಪವರ್ ಸಪ್ಲೈನಲ್ಲಿ ಅಂಥದ್ದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಅಂಗಡಿಗೆ ಓಡಿ ದೊಡ್ಡದೊಂದನ್ನು ಹೊತ್ತು ತಂದರು.

"ಟೇಪು ಹಿಡಿದು ಅಳೆದ್ರೆ ಎರಡು ನಿಮಿಷದ ಕೆಲಸ," ಎಂದಳು ಹೆಂಡತಿ.

"ಟೇಪಿಗೆ ತಿರುವು ಗೊತ್ತಾಗಲ್ಲ," ಎಂದರು ಡಾಕ್ಟರು.

ಭಾನುವಾರ ಬೆಳಿಗ್ಗೆ ಸ್ವಿಚ್ಚು ಒತ್ತಿದರೆ ಫ್ಯಾನುಗಳು ಭೋರೆಂದವು, ಪರದೆಯ ಮೇಲೆ ಮಾತ್ರ ಅಮಾವಾಸ್ಯೆ. ಅವರು ಅರ್ಧ ಗಂಟೆ ಒದ್ದಾಡಿದ ಮೇಲೆ ಹೆಂಡತಿ ಬಂದು, ಪರದೆಯ ಕೇಬಲನ್ನು ತಪ್ಪು ತೂತಿನಿಂದ ಕಿತ್ತು ಹೊಸ ಕಾರ್ಡಿಗೆ ಸಿಕ್ಕಿಸಿ, ಏನೂ ಹೇಳದೆ ಒಳಗೆ ಹೋದಳು. (ಏನಾದರೂ ಹೇಳಿದ್ದರೇ ವಾಸಿಯಿತ್ತು.) ಅಕ್ಷರಗಳೇನೋ ಕಂಡವು, ಒಂದೊಂದೂ ಅಂಗಡಿಯ ಬೋರ್ಡಿನಷ್ಟು ದಪ್ಪ.

"ಈ ಕಾರ್ಡನ್ನ ನಡೆಸೋ ಡ್ರೈವರ್ ಪ್ರೋಗ್ರಾಮು ಇಲ್ಲ," ಎಂದು ಡಾಕ್ಟರು ಗೊಣಗಿದರು. "ಅದು ಬೇಕಂದ್ರೆ ಲಿನಕ್ಸಿನ ತಿರುಳು, ಆ ಕರ್ನಲ್ಲೂ ಹೊಸದಾಗ್ಬೇಕು."

"ಡ್ರೈವರು, ಕರ್ನಲ್ಲು," ಎಂದರು ಅತ್ತೆ. "ಒಂದು ಮೆಟ್ಟಿಲು ಹತ್ತೋಕೆ ಇಷ್ಟು ದೊಡ್ಡ ದಂಡು ಬೇಕಾ ಅಳಿಯಂದಿರೇ?"

ಡಾಕ್ಟರು ಹಲ್ಲು ಕಚ್ಚಿದರು. (ರೋಗಿಗಳಿಗೆ ಅವರು ಮಾಡಬೇಡಿ ಎನ್ನುವುದೇ ಅದನ್ನು.) ಅಷ್ಟು ವರ್ಷ ಕೈಯಿಕ್ಕದಿದ್ದ ಲಿನಕ್ಸನ್ನು ಬುಡದಿಂದ ಹೊಸದು ಮಾಡಲು ಕುಳಿತರು. ಮೂರು ಸಲ ಅದು ಅರ್ಧದಲ್ಲಿ ನಿಂತಿತು. ಮೂರು ಸಲವೂ ಮೊದಲಿನಿಂದ ಶುರುಮಾಡಿದರು. ಬಡಿಸಿದ ಊಟ ತಟ್ಟೆಯಲ್ಲೇ ಆರಿತು. ಸಂಜೆ ನಾಲ್ಕಕ್ಕೆ ಪರದೆ ಲಕಲಕ ಹೊಳೆಯಿತು.

"ಬಾರೇ ಇಲ್ಲಿ. ಅತ್ತೆ, ನೀವೂ ಬನ್ನಿ. ಈಗ ತಿರುಗಿಸು."

ಹೆಂಡತಿ ನಕ್ಷೆಯೊಳಗೆ ಡಾಕ್ಟರಷ್ಟೇ ಎತ್ತರದ ಗೊಂಬೆಯೊಂದನ್ನು ನಿಲ್ಲಿಸಿ ಮೆಟ್ಟಿಲು ಹತ್ತಿಸಿದಳು. ಒಂಚೂರೂ ತಡವರಿಸದೆ ಗೊಂಬೆ ಏರಿತು, ತಿರುಗಿತು, ಏಳನೇ ಮೆಟ್ಟಿಲಿಗೆ ಬಂದಾಗ ಹುಬ್ಬಿನವರೆಗೆ ತೊಲೆಯೊಳಗೆ ಹೊಕ್ಕಿತು. ಎಡದಿಂದ ತೋರಿಸಿದಳು, ಬಲದಿಂದ, ಕೆಳಗಿನಿಂದಲೂ ತೋರಿಸಿದಳು. ಯಾವ ಕಡೆಯಿಂದ ನೋಡಿದರೂ ಗೊಂಬೆಗೆ ಹಣೆಯಿರಲಿಲ್ಲ.

"ಎಷ್ಟು ಸ್ಪಷ್ಟವಾಗಿ ಕಾಣುತ್ತಪ್ಪಾ," ಎಂದರು ಅತ್ತೆ, ನಿಜವಾದ ಮೆಚ್ಚುಗೆಯಿಂದ. "ಹಳೇ ಕಾರ್ಡಲ್ಲಿ ಇಷ್ಟು ಗೊತ್ತೇ ಆಗ್ತಿರ್ಲಿಲ್ಲ."

ಡಾಕ್ಟರು ಎದ್ದು ಹೋಗಿ ಬಡಗಿಗೆ ಫೋನು ಹಚ್ಚಿದರು.

"ನೋಡಪ್ಪ, ಮೆಟ್ಟಿಲು ಹಜಾರದಲ್ಲೇ ಬರಲಿ," ಎಂದರು ಗಂಭೀರವಾಗಿ. "ನಾನು ಎರಡು ದಿನ ಕೂತು, ಕಂಪ್ಯೂಟರಲ್ಲಿ ಎಲ್ಲಾ ಕಡೆಯಿಂದ ನೋಡಿ ತೀರ್ಮಾನ ಮಾಡಿದೀನಿ."

"ಗೊತ್ತು ಸಾರ್," ಎಂದ ಬಡಗಿ. "ಅಮ್ಮಾವ್ರು ಹೋದ ವಾರವೇ ಹೇಳಿದ್ರು. ಮರ ಆ ಅಳತೆಗೇ ಕೊಯ್ದಿಟ್ಟಿದೀನಿ."