ನನ್ನ ಆಪತ್ತು ಕುವೈತಿಗೆ ಹೋದದ್ದು

ಪುಕ್ಕಲರಿಗೆ ಸಮಾಧಾನ ಕೊಡುವ ವಸ್ತುವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಬೀಗ ತಂದುಕೊಟ್ಟರೆ ಬೀಗದ ಕೈ ಕಳೆದುಹೋದೀತೆಂದು ಹೆದರುತ್ತೇವೆ. ಕೊಡೆ ಕೊಟ್ಟರೆ ಸಿಡಿಲು ಅದರ ತುದಿಯನ್ನೇ ಹುಡುಕಿಕೊಂಡು ಬಂದೀತೆಂದು ಹೆದರುತ್ತೇವೆ. ನಾನು ಈ ಪಂಗಡದ ಹಿರಿಯ ಸದಸ್ಯ. ಮನೆ ಪರ್ಕಳದಲ್ಲಿ, ಗುಮಾಸ್ತಿಕೆ ಕಾರ್ಕಳದ ಒಂದು ಸಹಕಾರಿ ಸಂಘದಲ್ಲಿ, ನಡುವೆ ನಮ್ಮ ಎಕ್ಸ್‌ಪ್ರೆಸ್ ಬಸ್ಸು. ಅದು ತಿರುವಿನಲ್ಲಿ ವಾಲುವಾಗ ಉಳಿದವರು ಕಂಬಿ ಹಿಡಿದುಕೊಳ್ಳುತ್ತಾರೆ, ನಾನು ಕಂಬಿಯ ಜೊತೆಗೆ ಪಕ್ಕದವರನ್ನೂ ಹಿಡಿದುಕೊಳ್ಳುತ್ತೇನೆ. ಹೀಗಿರುವಾಗ, ಫೋನಿನ ಬದಿಯ ಗುಂಡಿಯನ್ನು ಐದು ಸಲ ಬೇಗ ಬೇಗ ಒತ್ತಿದರೆ ನಾವು ಅಪಾಯದಲ್ಲಿದ್ದೇವೆ, ಇಂಥ ಕಡೆ ಇದ್ದೇವೆ ಎಂದು ಬೇಕಾದವರಿಗೆ ಸಂದೇಶ ಹೋಗುತ್ತದೆ, ಫೋನು ಸೈರನ್ನಿನಂತೆ ಅರಚುತ್ತದೆ ಎಂದು ತಿಳಿಯಿತು. ಇದನ್ನು ಮಾಡಿದವನೂ ನಮ್ಮ ಬಸ್ಸಿನಲ್ಲೇ ಓಡಾಡುವವನಿರಬೇಕು ಎನ್ನಿಸಿತು.

ಒಂದು ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವನೇ ಜಗಲಿಯಲ್ಲಿ ಕೂತು ಅದನ್ನು ಹೊಂದಿಸಿದೆ. ರಕ್ತದ ಗುಂಪು ಕೇಳಿತು, ಬರೆದೆ. ಔಷಧಿ ಕೇಳಿತು, ಬರೆದೆ. ಬರೆಯುತ್ತ ಬರೆಯುತ್ತ ಆಗಲೇ ಸ್ಟ್ರೆಚರಿನ ಮೇಲೆ ಮಲಗಿದಂತಾಯಿತು. ತುರ್ತಾಗಿ ಯಾರಿಗೆ ತಿಳಿಸಬೇಕು ಎಂದು ಕೇಳಿದಾಗ ಮಾತ್ರ ಸಿಕ್ಕಿಬಿದ್ದೆ. ಪೊಲೀಸರೇ? ತಪ್ಪು ಮಾಡದಿದ್ದರೂ ಅವರ ಜೀಪು ಕಂಡರೆ ನಾನು ಓಣಿ ಬದಲಿಸುತ್ತೇನೆ. ಹೆಂಡತಿ ಲಿಲ್ಲಿಯೇ? ಅವಳು ಮನೆಯಲ್ಲಿ ಬಟ್ಟೆ ಹೊಲಿಯುವವಳು. ಮಿಷನ್ ಓಡುವಾಗ ಅವಳ ಫೋನು ಯಾರದೋ ರವಿಕೆಯ ಅಡಿಯಲ್ಲಿ ಬಡಕೊಳ್ಳುತ್ತಿರುತ್ತದೆ. ಉಳಿದವರು ಅವಳ ಅಣ್ಣ, ಕುವೈತಿನ ವಿನ್ಸೆಂಟ್ ಬಾವ. ನಮ್ಮ ಮನೆಗಳಲ್ಲಿ ನೀರಿನ ಪಂಪು ಕೆಟ್ಟರೂ ಪಂಪಿನವನಿಗಿಂತ ಮೊದಲು ಸುದ್ದಿ ಹೋಗುವುದು ಗಲ್ಫಿಗೆ. ಅಲ್ಲಿಂದ ಅಪ್ಪಣೆಯಾಗದೆ ಇಲ್ಲಿ ಸ್ಕ್ರೂ ತಿರುಗುವುದಿಲ್ಲ. ಬಾವ ಮೊದಲ ರಿಂಗಿಗೇ ಫೋನು ಎತ್ತುವವರು. ಅವರ ಹೆಸರೊಂದನ್ನೇ ಹಾಕಿ, ಲಿಲ್ಲಿಗೆ ಹೇಳದೆ ನೆಮ್ಮದಿಯಿಂದ ಊಟಕ್ಕೆ ಎದ್ದೆ.

ಮರುವಾರ ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರದೋ ಚೀಲ ನನ್ನ ಪ್ಯಾಂಟಿನ ಕಿಸೆಯನ್ನು ಜಜ್ಜುತ್ತಿತ್ತು. ಹಿರಿಯಡ್ಕ ಹತ್ತಿರವಾಗುವಾಗ ಇದ್ದಕ್ಕಿದ್ದಂತೆ ಸೈರನ್ನು ಅರಚತೊಡಗಿತು. ಎಲ್ಲರಿಗಿಂತ ಮೊದಲು ಕೂಗಿದವನು ನಾನೇ. "ನಿಲ್ಲಿಸಿ, ನಿಲ್ಲಿಸಿ, ಏನೋ ಸಿಡಿಯುತ್ತದೆ!" ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೂಗುವುದು ನಿಮ್ಮದೇ ಕಿಸೆ ಮಾರಾಯ್ರೆ. ಅದರೊಳಗೆ ಎಂತ ಉಂಟು?" ಎಂದ. ಫೋನು ಹೊರಗೆ ತೆಗೆದು, ಸಿಕ್ಕಿದ್ದನ್ನೆಲ್ಲ ಒತ್ತಿ, ಕೊನೆಗೆ ಅದರ ಪ್ರಾಣವನ್ನೇ ಆರಿಸಿ, ಬುತ್ತಿಯ ಚೀಲದ ತಳಕ್ಕೆ ತುರುಕಿದೆ. ಸಂದೇಶ ಅಷ್ಟರಲ್ಲೇ ಸಮುದ್ರ ದಾಟಿತ್ತೆಂದು ನನಗೆ ಹೊಳೆಯಲಿಲ್ಲ.

ಟಯರು ಪಂಕ್ಚರಾಗಿ ಬಸ್ಸು ದಾರಿಯಲ್ಲಿ ಒಂದು ಗಂಟೆ ನಿಂತಿತು. ಕೊನೆಗೆ ಪರ್ಕಳದಲ್ಲಿ ಇಳಿದು ಮನೆಯ ಓಣಿಗೆ ತಿರುಗಿದರೆ ಅಂಗಳದ ತುಂಬ ಪ್ಲಾಸ್ಟಿಕ್ ಕುರ್ಚಿಗಳು. ಮದುವೆಯಿಲ್ಲದ ಮನೆಯ ಅಂಗಳಕ್ಕೆ ಹೇಳದೆ ಕೇಳದೆ ಕುರ್ಚಿ ಬಂದರೆ ಅದಕ್ಕೆ ನಮ್ಮಲ್ಲಿ ಒಂದೇ ಅರ್ಥ. ಜನ ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ ಹೇಳುತ್ತಿದ್ದರು. ಹೊಲಿಗೆ ಮಿಷನ್ನಿನ ಸದ್ದಿರಲಿಲ್ಲ. ಆ ಸದ್ದಿಲ್ಲದ ಮನೆಯನ್ನು ನಾನು ಮದುವೆಯಾದಂದಿನಿಂದ ಕಂಡಿರಲಿಲ್ಲ. ನನ್ನ ಲಿಲ್ಲಿ ಹೋದಳು ಎಂದುಕೊಂಡೆ. ಬೆಳಿಗ್ಗೆ ಚಟ್ನಿಗೆ ಉಪ್ಪು ಹೆಚ್ಚಾಯಿತೆಂದು ಗೊಣಗಿ ಹೊರಟವನು ನಾನು. ಇಷ್ಟು ವರ್ಷ ಹೆದರಿದ್ದೆಲ್ಲ ಬರೀ ಅಭ್ಯಾಸ, ಹೆದರಿಕೆ ಎಂದರೆ ಇದು ಎಂದು ಅಲ್ಲಿ ಗೊತ್ತಾಯಿತು. ಯಾರಿಗೆ ಏನಾಯಿತೆಂದು ಕೇಳಿದರೆ ಅದು ನಿಜವಾದೀತೆಂದು ಕೇಳಲಿಲ್ಲ. ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಸಿದು ಎಲ್ಲರ ಜೊತೆ ತುಟಿಯಾಡಿಸಿದೆ.

ಮುಂದೆ ನಿಂತು ಪ್ರಾರ್ಥನೆ ನಡೆಸುತ್ತಿದ್ದವರು ನಮ್ಮ ವಾರ್ಡಿನ ಗುರ್ಕಾರ ಅಲ್ಫೋನ್ಸರು. ಇಗರ್ಜಿಯ ಕಡೆಯಿಂದ ನಮ್ಮ ಕಷ್ಟಸುಖ ನೋಡಿಕೊಳ್ಳುವ ಹಿರಿಯರು. ಅವರು ಗದ್ಗದಿತರಾಗಿ, "ಕಾಡಿನಲ್ಲಿ ಬಿದ್ದಿರುವ ನಮ್ಮ ರಾಬರ್ಟನ ಜೀವ ಉಳಿಸು ಸ್ವಾಮೀ" ಎಂದರು. ನಾನು ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎಂದೆ. ಆಮೇಲೆ ನೆನಪಾಯಿತು, ರಾಬರ್ಟ್ ನಾನೇ. ಹೇಳಿದರೆ ನಂಬಲಿಕ್ಕಿಲ್ಲ, ನನಗೆ ಆದದ್ದು ಸಂತೋಷ. ಸಾಯುತ್ತಿರುವವನು ನಾನಾದರೆ ಲಿಲ್ಲಿ ಬದುಕಿದ್ದಾಳೆ!

ನನ್ನ ದನಿಗೆ ಮುಂದಿನ ಸಾಲಿನಲ್ಲಿ ತಿರುಗಿದವಳೂ ಅವಳೇ. ಅತ್ತು ಅತ್ತು ಮುಖ ಊದಿಕೊಂಡಿತ್ತು. ಹತ್ತಿರ ಬಂದು ನನ್ನ ತೋಳನ್ನು ಮುಟ್ಟಿ ಮುಟ್ಟಿ ನೋಡಿದಳು. ಗುರ್ಕಾರರು ಕನ್ನಡಕ ಒರೆಸಿಕೊಂಡು ಹೇಳಿದರು: "ವಿನ್ಸೆಂಟ್ ಕುವೈತಿನಿಂದ ನನಗೆ ಫೋನ್ ಮಾಡಿದ್ದು. ಲಿಲ್ಲಿಬಾಯಿ ಎತ್ತುವುದಿಲ್ಲ, ನಿಮ್ಮದು ಸ್ವಿಚ್ ಆಫ್, ಮ್ಯಾಪಿನಲ್ಲಿ ನೋಡಿದರೆ ಬರೀ ಕಾಡು. ಹುಡುಕಲಿಕ್ಕೆ ಬೈಕಿನಲ್ಲಿ ಜನ ಹೋಗಿ ಆಯಿತು. ನೀವು ನೋಡಿದರೆ ಇಲ್ಲಿ ಆಮೆನ್ ಹೇಳುತ್ತೀರಿ, ಅಲ್ವಾ?" ಹುಡುಕಲು ಹೋದವರನ್ನು ವಾಪಸು ಕರೆಸಿ, ಬಾವನಿಗೂ ತಿಳಿಸಿದ್ದಾಯಿತು. ಹಿಡಿದ ತೇರ್ಸ್ ಅರ್ಧಕ್ಕೆ ಬಿಡಬಾರದೆಂದು ಗುರ್ಕಾರರು ನನ್ನನ್ನೂ ಮೊಣಕಾಲೂರಿಸಿದರು. ಪಕ್ಕದಲ್ಲೇ ಊರಿದ ಲಿಲ್ಲಿ ಮಣಿ ಎಣಿಸುತ್ತ ಪಿಸುಗುಟ್ಟಿದಳು.

"ನನ್ನ ಹೆಸರು ಯಾಕೆ ಹಾಕಲಿಲ್ಲ?"

"ನೀನು ಫೋನು ಎತ್ತುವುದಿಲ್ಲವಲ್ಲ."

"ನಾನು ಎತ್ತದಿರುವುದು ಬೇರೆ, ನೀವು ಹಾಕದಿರುವುದು ಬೇರೆ. ಇವರೆಲ್ಲ ಹೋಗಲಿ, ಮಾತಾಡುವ."

ಎಣಿಸಿದ ಮಣಿಯನ್ನೇ ಅವಳು ಮತ್ತೆ ಎಣಿಸುತ್ತಿದ್ದಳು. ಅಂಗಳದಲ್ಲಿ ಕುರ್ಚಿ ಕಂಡಾಗ ನನಗಾದದ್ದೇ ಅವಳಿಗೂ ಆಗಿತ್ತು, ಅದೂ ನಾನೇ ಮಾಡಿದ್ದು. ಜಪದ ಐದನೆಯ, ಕೊನೆಯ ಸುತ್ತು ಮುಗಿದಾಗ ಗುರ್ಕಾರರು ಜಪಮಾಲೆ ಮಡಚುತ್ತ, ಜನಕ್ಕೆ ಹೊತ್ತಾಯಿತು, ಸಂತರೆಲ್ಲರ ಹೆಸರು ಹೇಳುವ ಉದ್ದದ ಪ್ರಾರ್ಥನೆ ಇವತ್ತು ಬೇಡ ಅಲ್ಲವೇ ಎಂದು ಕೇಳಿದರು. ಇಗರ್ಜಿಯಲ್ಲಿ ಆ ಪ್ರಾರ್ಥನೆ ಶುರುವಾದೊಡನೆ ಚಪ್ಪಲಿ ಹುಡುಕುವವನು ನಾನು. ಲಿಲ್ಲಿಯ ಕಡೆ ಓರೆಗಣ್ಣಿನಿಂದ ನೋಡಿ, ಕೈ ಮುಗಿದು ಬೇಡಿಕೊಂಡೆ: "ಒಬ್ಬ ಸಂತನನ್ನೂ ಬಿಡಬೇಡಿ ಗುರ್ಕಾರರೇ. ನಿಧಾನವಾಗಿ ಹೇಳಿ."