ಲಕ್ಷ ಜಾಗಗಳಿಗೆ ಹೆಸರು ಹುಡುಕುವವನು

ತನ್ನ ಕಸುಬು ಏನೆಂದು ಹೆಂಡತಿಯ ಮನೆಯವರಿಗೆ ತಿಳಿಸಿ ಹೇಳಲಾಗದವನು ಕಸುಬನ್ನೋ ಮಾವನ ಮನೆಯನ್ನೋ ಬಿಡುವುದು ಲೇಸು. ನನಗೆ ಆ ಭಾಗ್ಯವಿಲ್ಲ. ನನ್ನ ಹೆಂಡತಿ ಶೈಲಾ ನನ್ನ ಅಕ್ಕನ ಮಗಳು. "ಹೊರಗಿನ ಹೆಣ್ಣು ಯಾಕೋ ತಮ್ಮಾ, ಮನಿ ರಕ್ತ ಮನ್ಯಾಗ ಇರ್ಲಿ" ಎಂದು ಅಕ್ಕ ವಿಜಯಪುರದಲ್ಲಿದ್ದಾಗಲೇ ತೀರ್ಮಾನಿಸಿಬಿಟ್ಟಿದ್ದಳು. ಈಗ ಆಂಟಾಪ್ ಹಿಲ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲೇ ಇದ್ದಾಳೆ. ಬೈಯುವಾಗ ಅಕ್ಕನಾಗಿ ಬೈಯುತ್ತಿದ್ದಾಳೋ ಅತ್ತೆಯಾಗಿ ಬೈಯುತ್ತಿದ್ದಾಳೋ ನನಗೆ ಇಂದಿಗೂ ತಿಳಿಯುವುದಿಲ್ಲ. ಎರಡಕ್ಕೂ ಸೇರಿಸಿ ತಲೆ ತಗ್ಗಿಸುತ್ತೇನೆ.

ನಾನು ದುಡಿಯುವುದು ವಿಕ್ರೋಳಿಯ ಒಂದು ಲ್ಯಾಬಿನಲ್ಲಿ. ರಕ್ತ ತೆಗೆಯುವವನಲ್ಲ, ಅಕ್ಕ ಊರಲ್ಲೆಲ್ಲ ಹಾಗೆ ಹೇಳಿಕೊಂಡಿದ್ದರೂ. ಯಂತ್ರ ರಕ್ತವನ್ನು ಓದಿ, ಇಂಥ ಕ್ರೋಮೋಸೋಮಿನ ಇಂಥ ಜಾಗದಲ್ಲಿ ಒಂದು ಅಕ್ಷರ ಬದಲಾಗಿದೆ ಎಂದು ಬರೀ ಅಂಕಿಗಳನ್ನು ಉಗುಳುತ್ತದೆ. ಅಂಥ ಲಕ್ಷಗಟ್ಟಲೆ ಜಾಗಗಳನ್ನು ಒಟ್ಟಿಗೇ ಕಂಪ್ಯೂಟರಿಗೆ ಸುರಿದು, ವಿಜ್ಞಾನಿಗಳು ಒಂದೊಂದಕ್ಕೂ ಇಟ್ಟಿರುವ ಹೆಸರನ್ನು ಹುಡುಕಿ ಕೊಡುವವನು ನಾನು. ಹೆಸರು ಸಿಕ್ಕಿತೆಂದರೆ ಅದರ ಜಾತಕವೂ ಸಿಕ್ಕಂತೆ: ಸಾಧುವೋ, ಕಾಯಿಲೆ ತರುವುದೋ. ಎಚ್ಚರಿಕೆ ಒಂದೇ. ಈ ಜಾಗಗಳಿಗೆ ಹಳೆಯ ನಕ್ಷೆಯೊಂದಿದೆ, ಹೊಸತೊಂದಿದೆ. ಹಳೆಯದರ ನಂಬರು ಹಿಡಿದು ಹೊಸದರಲ್ಲಿ ಹುಡುಕಿದರೆ, ನಮ್ಮ ಕಾಲನಿಯಲ್ಲಿ ಬಿಲ್ಡಿಂಗು ಕೆಡವಿ ಕಟ್ಟಿ ನಂಬರು ಬದಲಿಸಿದ ಮೇಲೆ ಕೊರಿಯರ್‌ನವನು ಮಾಡುವಂತೆ ಬೇರೆ ಯಾರದೋ ಬಾಗಿಲು ಬಡಿಯುತ್ತೇವೆ. ಹೊಸಬರಿಗೆಲ್ಲ ಈ ಪಾಠ ಹೇಳುವವನೂ ನಾನೇ.

ನಮ್ಮ ಕೂಸು ಸಯನ್‌ನ ಆಸ್ಪತ್ರೆಯಲ್ಲಿ, ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡಿತು. ಇದು ವಂಶದಲ್ಲಿ ಬಂದ, ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದರೆ ಮಾತ್ರ ಕೂಸಿಗೆ ತಗಲುವ ಕಾಯಿಲೆಯಿರಬಹುದು, ಇನ್ನೊಂದು ಕೂಸಿನ ಯೋಚನೆ ಮಾಡುವ ಮುಂಚೆ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು. ರಕ್ತ ನಮ್ಮ ಲ್ಯಾಬಿಗೇ ಬಂತು. "ತೂ ನಕೋ ಬಘೂ" ಎಂದು ನಮ್ಮ ಮರಾಠಿ ಮ್ಯಾಡಂ, ನೀನು ನೋಡಬೇಡ ಎಂದು, ಒಳ್ಳೆಯ ಮಾತಿನಲ್ಲೇ ಹೇಳಿದರು. ನಾನು ಕೇಳಬೇಕಲ್ಲ.

ಇಬ್ಬರಲ್ಲೂ ಒಂದೇ ಜಾಗದಲ್ಲಿ ಅಕ್ಷರ ಬದಲಾಗಿತ್ತು. ಆದರೆ ಅದರೆದುರು ಬಂದ ಹೆಸರು ಯಾರ ತಂಟೆಗೂ ಹೋಗದ ಸಾಧುವಿನದು. ಅಕ್ಕನಿಗೆ ಕೂಡಲೇ ಫೋನು ಮಾಡಿದೆ. ಸಂಜೆ ಹೋಳಿಗೆಯಾಯಿತು, ತುಪ್ಪ ಸುರಿದುಕೊಂಡು ತಿಂದೆ. ಮರುದಿನ ಲೋಕಲ್‌ನಲ್ಲಿ ಇನ್ನೊಬ್ಬರ ಬ್ಯಾಗಿಗೆ ಮುಖ ಒತ್ತಿ ನಿಂತಿದ್ದಾಗ ನೆನಪಾಯಿತು: ಸಾಲುಸಾಲಿಗೂ ಅಕ್ಷರ ನಕ್ಷೆಗೆ ಹೊಂದುತ್ತಿಲ್ಲ ಎಂದು ಕಂಪ್ಯೂಟರು ಎಚ್ಚರಿಸಿತ್ತು. ಬೇಕಾದದ್ದನ್ನು ಕಂಡ ಕಣ್ಣು ಅದನ್ನು ದಾಟಿ ಹೋಗಿತ್ತು. ಜಾಗ ಹಳೆಯ ನಕ್ಷೆಯದು, ನಾನು ಹುಡುಕಿದ್ದು ಹೊಸದರಲ್ಲಿ. ಆಫೀಸಿಗೆ ಹೋಗಿ ಸರಿಯಾದ ನಕ್ಷೆಯಲ್ಲಿ ಹುಡುಕಿದೆ. ಸಾಧು ಎದ್ದು ಹೋಗಿ, ಕೂಸನ್ನು ಒಯ್ದ ಕಾಯಿಲೆ ಬಂದು ಕುಳಿತಿತು.

ಮನೆಗೆ ಬಂದು ಹೇಳಿದೆ. ಅಕ್ಕ ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡಳು. "ಯಾರ ಕಡಿಂದ ಬಂತಿದು? ಹುಡುಗನ ಕಡಿಂದೋ, ಹುಡುಗಿ ಕಡಿಂದೋ?"

"ಎರಡೂ ಕಡಿಂದ, ಅಕ್ಕಾ."

ಹುಡುಗನ ಕಡೆ ಎಂದರೆ ಅವಳ ತವರು, ಹುಡುಗಿಯ ಕಡೆ ಎಂದರೆ ಅವಳೇ. ಬೈಯಲು ಯಾರೂ ಉಳಿಯದೆ ಅಕ್ಕ ನೆಲದ ಮೇಲೆ ಕುಳಿತುಬಿಟ್ಟಳು. ಮನೆಯ ರಕ್ತ ಮನೆಯಲ್ಲೇ ಉಳಿದಿತ್ತು.

ಶೈಲಾ ಅಳಲಿಲ್ಲ. "ಮಾಮಾ, ಆ ರೋಗದ ಜಾಗಕ್ಕ ಮೊದಲಿಂದನ ಹೆಸರು ಇತ್ತೇನು?" ಎಂದಳು.

"ಇತ್ತು."

"ನಮ್ಮ ಕೂಸಿಗಷ್ಟ ಇಡಾಕ ಆಗ್ಲಿಲ್ಲ ನೋಡ್ರಿ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೋಳಿಗೆ ತಿಂದದ್ದಕ್ಕೆ ನಾಚಿಕೆಯಾಯಿತು. ಇನ್ನೊಂದು ಕೂಸಿನ ಮಾತನ್ನು ಈಗ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಮೊನ್ನೆ ಆಫೀಸಿಗೆ ಹೊಸ ಹುಡುಗಿಯೊಬ್ಬಳು ಸೇರಿದಳು. ಮ್ಯಾಡಂ ನನ್ನ ಕಡೆ ಕೈ ತೋರಿಸಿ, ಯಾವ ಜಾಗ ಕೊಟ್ಟರೂ ಇವರು ಹೆಸರು ಹೇಳುತ್ತಾರೆ, ಒಂದನ್ನೂ ಬಿಡುವವರಲ್ಲ ಎಂದು ಪರಿಚಯಿಸಿದರು. ನಾನು ಹೌದೆಂದು ತಲೆಯಾಡಿಸಿದೆ.