ತಿರುಗುಮುರುಗು ಅರಮನೆ

ಬರುವ ಭಾನುವಾರ ಷಡ್ಡಕನ ಹೊಟ್ಟೆಗೆ ಬೆಂಕಿ ಬೀಳಬೇಕು, ಅದರ ಹೊಗೆ ಅವನ ಮೂಗಿನಿಂದ ಹೊರಡುವುದನ್ನು ತಾನು ಕಣ್ಣಾರೆ ನೋಡಬೇಕು ಎಂದು ನೇರಗೆರೆ ಸೋಮವಾರ ಬೆಳಿಗ್ಗೆಯೇ ತೀರ್ಮಾನಿಸಿಬಿಟ್ಟ.

ನೇರಗೆರೆ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವನಿಗೆ ಸಹೋದ್ಯೋಗಿಗಳು ಕೊಟ್ಟ ಬಿರುದು. ಅಳತೆಪಟ್ಟಿ ಇಲ್ಲದೆ ಮೊಳದುದ್ದ ಗೆರೆ ಎಳೆದರೂ ಅದು ಕೂದಲೆಳೆಯಷ್ಟು ಡೊಂಕಾಗುತ್ತಿರಲಿಲ್ಲ. ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಈ ಡಾಕ್ಟರಿಗೆ ಹಳೆಯ ಕಟ್ಟಡಗಳ ಅಚ್ಚುಚಿತ್ರ ಕೂಡಿಡುವ ಹುಚ್ಚು. ಇನ್ನೂರು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮರು ತಾಮ್ರದ ತಗಡಿನ ಮೇಲೆ ಗೆರೆ ಗೆರೆಯಾಗಿ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿದ ಕಮಾನುಗಳು, ಕಂಬಸಾಲುಗಳು, ಮುಗಿಯದ ಮೆಟ್ಟಿಲುಗಳು. ಅಂಥವು ಕ್ಲಿನಿಕ್ಕಿನ ಗೋಡೆಯ ಮೇಲೆ ಮೂವತ್ತೊಂದಿದ್ದವು. ಕೆನ್ನೆ ಊದಿಸಿಕೊಂಡು ಬಂದವರು ಅವನ್ನು ನೋಡುತ್ತ ನೋವು ಮರೆಯುತ್ತಿದ್ದರಂತೆ. ನೇರಗೆರೆಗೆ ಮಾತ್ರ ಅಲ್ಲಿ ಕಾಲಿಟ್ಟರೆ ಕಿತ್ತು ಹಾಕಿಸಿದ್ದ ಹಲ್ಲೂ ನೋಯುತ್ತಿತ್ತು.

"ವಸಡು ಬಿಟ್ಟರೆ ಆ ಮನುಷ್ಯನಿಗೆ ಏನು ಗೊತ್ತು?" ಎಂದು ಹೆಂಡತಿಯೆದುರು ಕುದಿಯುತ್ತಿದ್ದ. "ಗೆರೆ ನನ್ನ ಕಸುಬು. ಚಿತ್ರ ಅವನ ಗೋಡೆ ಮೇಲೆ."

"ನಿಮ್ಮ ಹಲ್ಲು ನಿಮ್ಮ ಬಾಯಲ್ಲೇ ಇದೆ. ಹಲ್ಲು ತಮ್ಮ ಕಸುಬು ಅಂತ ಭಾವ ಯಾವತ್ತಾದ್ರೂ ಹೊಟ್ಟೆ ಉರ್ಕೊಂಡಿದಾರಾ?" ಎಂದಳು ಹೆಂಡತಿ. ಅವಳು ಶಾಲೆಯಲ್ಲಿ ಗಣಿತ ಹೇಳುವವಳು. ಯಾವ ಪ್ರಶ್ನೆಗೂ ಮನೆಯಲ್ಲಿ ಒಂದೇ ಸರಿಯುತ್ತರ ಇರುತ್ತಿತ್ತು, ಅದು ಅವಳದ್ದು.

ಆದರೆ ಈ ಸಲ ದೇವರು ನೇರಗೆರೆಯ ಕಡೆ ಇದ್ದ. ಹಳೆಯ ಕಾಗದ ಮಾರುವ ಅಂಗಡಿಯಲ್ಲಿ, ಹರಿದ ಭೂಪಟಗಳ ರಾಶಿಯಡಿ, ಒಂದು ಅಚ್ಚುಚಿತ್ರ ಸಿಕ್ಕಿತ್ತು. ಅರಮನೆಯ ದೊಡ್ಡ ಮೊಗಸಾಲೆ. ಎರಡೂ ಬದಿಯ ಕಂಬಗಳು ಚಿಕ್ಕವಾಗುತ್ತಾ ಆಗುತ್ತಾ ದೂರದ ಒಂದು ಬಾಗಿಲಿನೊಳಗೆ ನುಸುಳುತ್ತಿದ್ದವು. ಮೇಲೆ ಕೈಯಲ್ಲಿ ಬಳಿದ ನೀಲಿ ಆಕಾಶ, ಕೆಳಗೆ ಗುಲಾಬಿ ನೆಲ. ಎಲ್ಲಕ್ಕಿಂತ ಹೆಚ್ಚಾಗಿ, ನೆತ್ತಿಯ ಮೇಲಿನ ಹೆಸರಿನ ಸಾಲು ತಿರುಗುಮುರುಗು ಅಚ್ಚಾಗಿತ್ತು.

ಅಂಗಡಿಯವನು ಕನ್ನಡಕ ಹಣೆಗೇರಿಸಿ, "ಸಾರ್, ಇದರ ಅಕ್ಷರ ಇದೆಯಲ್ಲ, ಅದು..." ಎಂದು ಬಾಯಿ ತೆರೆದ.

"ನೋಡಿದೆ. ಸುತ್ತಿ ಕೊಡಿ," ಎಂದು ನೇರಗೆರೆ ಆ ಬಾಯಿ ಮುಚ್ಚಿಸಿದ. ಎಲ್ಲಿ ಅಂಗಡಿಯವನಿಗೆ ಅದರ ನಿಜವಾದ ಬೆಲೆ ಗೊತ್ತಾಗಿಬಿಡುತ್ತದೋ ಎಂಬ ಭಯ.

ಮನೆಗೆ ಬಂದು ಹೆಂಡತಿಗೆ ವಿವರಿಸಿದ. ಅಚ್ಚು ಸರಿಯಾಗಿ ಬೀಳಬೇಕಾದರೆ ತಗಡಿನ ಮೇಲೆ ಅಕ್ಷರ ತಿರುಗಿಸಿ ಕೊರೆಯಬೇಕು. ಕೊರೆಯುವವನು ಅವತ್ತು ಮೈಮರೆತಿದ್ದಾನೆ. ತಪ್ಪು ಗೊತ್ತಾದ ಕೂಡಲೇ ಉಳಿದ ಪ್ರತಿಗಳನ್ನೆಲ್ಲ ಹರಿದು ಹಾಕಿರುತ್ತಾರೆ. ಅಂದಮೇಲೆ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ.

"ತಗಡು ಕೊರೆಯೋನು ತನ್ನ ಕಸುಬನ್ನೇ ಮರೀತಾನಾ?"

"ಮನುಷ್ಯ ಅಲ್ವಾ?"

"ಹರಿದು ಹಾಕಿದ್ದನ್ನ ನೀವು ನೋಡಿದ್ರಾ?"

ನೇರಗೆರೆ ಷಡ್ಡಕನಿಗೆ ಫೋನು ಮಾಡಿದ. "ಭಾನುವಾರ ಹನ್ನೊಂದಕ್ಕೆ ಬನ್ನಿ ಡಾಕ್ಟ್ರೇ. ನಿಮ್ಮ ಮೂವತ್ತೊಂದರಲ್ಲೂ ಇಲ್ಲದ್ದು ಒಂದಿದೆ," ಎಂದ. ಆ ಕಡೆಯಿಂದ ಕೇಳಿಸಿದ ಸಂತೋಷ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಭಾನುವಾರ ಹತ್ತಕ್ಕೆ ಹಜಾರದ ಗೋಡೆಗೆ ಡ್ರಿಲ್ ಹಿಡಿದು ನಿಂತ. ಚೌಕಟ್ಟು ಸಿದ್ಧವಿತ್ತು, ಚಿತ್ರ ಎದುರಿನ ಮೇಜಿನ ಮೇಲೆ ರಾಜಗಾಂಭೀರ್ಯದಿಂದ ಮಲಗಿತ್ತು.

"ಅಲ್ಲಿ ನೀರಿನ ಪೈಪ್ ಹೋಗಿಲ್ವಾ?" ಎಂದು ಹೆಂಡತಿ ಕೇಳಿದಳು.

"ಈ ಮನೆ ನಕ್ಷೆ ಬರೆದೋರು ಯಾರು?"

"ನೀವೇ. ಅದಕ್ಕೇ ಕೇಳಿದ್ದು."

ಡ್ರಿಲ್ ಗುರ್ರೆಂದಿತು. ಮೊದಲು ಸುಣ್ಣ ಉದುರಿತು, ಆಮೇಲೆ ಇಟ್ಟಿಗೆಪುಡಿ, ಆಮೇಲೆ ನೀರು! ನೇರಗೆರೆ ಇಪ್ಪತ್ತಾರು ವರ್ಷದಲ್ಲಿ ಅಷ್ಟು ನೇರವಾದ ಗೆರೆ ಎಳೆದಿರಲಿಲ್ಲ; ನೀರು ಕೋಣೆಯನ್ನು ಅಡ್ಡ ದಾಟಿ ಅರಮನೆಯ ಆಕಾಶಕ್ಕೇ ಹೋಗಿ ಬಡಿಯಿತು. ಅವನು ಹೆಬ್ಬೆರಳನ್ನು ತೂತಿಗೆ ತುರುಕಿದ. "ಚಿತ್ರ ತೆಗಿ, ಚಿತ್ರ ತೆಗಿ," ಎಂದು ಬಡಬಡಿಸಿದ. ಹೆಂಡತಿ ಅಷ್ಟರಲ್ಲಿ ಹಿತ್ತಿಲಿಗೆ ಓಡಿದ್ದಳು, ನೀರಿನ ದೊಡ್ಡ ನಲ್ಲಿ ನಿಲ್ಲಿಸಲು. ತಿರುಗಿ ಬಂದಾಗ ಅವಳ ಕೈಯಲ್ಲಿ ತುಕ್ಕು ಹಿಡಿದ ನಲ್ಲಿಯ ಹಿಡಿಯಿತ್ತು. ನಲ್ಲಿ ಮಾತ್ರ ಹಿತ್ತಿಲಲ್ಲೇ ತೆರೆದಿತ್ತು.

ಆಗ ಕರೆಗಂಟೆ ಮೊಳಗಿತು. ಹಲ್ಲಿನ ಡಾಕ್ಟರು ಯಾವತ್ತೂ ಹೊತ್ತು ತಪ್ಪುವವರಲ್ಲ. ಆವತ್ತು ಕಾಲು ಗಂಟೆ ಮುಂಚೆಯೇ ಬಂದಿದ್ದರು.

ಷಡ್ಡಕ ಬಾಗಿಲಲ್ಲೇ ಎಲ್ಲ ಅಳೆದು, ಕಾರಿನಿಂದ ತನ್ನ ಚೀಲ ತಂದ. ಅದರೊಳಗಿನ ಹಲ್ಲು ಕೀಳುವ ಇಕ್ಕಳ ಹಿಡಿದು, ಅವನ ಜೊತೆ ಬಂದಿದ್ದ ಹೆಂಡತಿಯ ಅಕ್ಕ ಹಿತ್ತಿಲಿಗೆ ನಡೆದಳು. ಅವಳು ಎರಡೇ ತಿರುವಿಗೆ ನಲ್ಲಿಯ ಬಾಯಿ ಮುಚ್ಚಿಸಿದಳು. ಷಡ್ಡಕ ಗೋಡೆಯ ಮುಂದೆ ನಿಂತು, ಅಭ್ಯಾಸಬಲದಿಂದ, "ನೋವಾಗಲ್ಲ, ಬೆರಳು ತೆಗೀರಿ," ಎಂದ. ತೂತನ್ನು ಒರೆಸಿ, ಒಣಗಿಸಿ, ಹಲ್ಲಿಗೆ ತುಂಬುವ ಸಿಮೆಂಟನ್ನು ಒತ್ತಿ ತುಂಬಿದ. ಆಮೇಲೆ ಹತ್ತಿಯ ಉಂಡೆಗಳಿಂದ ಚಿತ್ರದ ನೀರನ್ನು ಹನಿಹನಿಯಾಗಿ ಹೀರಿಸಿದ. ಆಕಾಶದ ನೀಲಿ ಒಂದು ಕಂಬದ ಮೇಲೆ ಸ್ವಲ್ಪ ಇಳಿದಿತ್ತು, ಅಷ್ಟೇ. ಉಪಕಾರ ಮಾಡುವ ಷಡ್ಡಕನಷ್ಟು ಹೊಟ್ಟೆ ಉರಿಸುವ ಪ್ರಾಣಿ ಲೋಕದಲ್ಲಿ ಇನ್ನೊಂದಿಲ್ಲ ಎಂದು ನೇರಗೆರೆಗೆ ಆಗ ಮನವರಿಕೆಯಾಯಿತು.

ಆದರೂ ಆಸೆ ಸತ್ತಿರಲಿಲ್ಲ. "ಹೆಸರಿನ ಸಾಲು ನೋಡಿ ಡಾಕ್ಟ್ರೇ," ಎಂದು ಷಡ್ಡಕನ ಮುಖವನ್ನೇ ದಿಟ್ಟಿಸಿದ.

ಷಡ್ಡಕ ಜೇಬಿನಿಂದ ಬಾಯೊಳಗೆ ನೋಡುವ ಪುಟ್ಟ ಕನ್ನಡಿ ತೆಗೆದು ಸಾಲಿನ ಪಕ್ಕ ಹಿಡಿದ. "ಅರಮನೆಯ ಮೊಗಸಾಲೆ, ಬೆಳಗಿನ ಹೊತ್ತು," ಎಂದು ಸರಾಗವಾಗಿ ಓದಿದ. "ಇವು ಕನ್ನಡಿಯಲ್ಲಿ ನೋಡೋಕೆ ಅಂತಲೇ ಮಾಡಿದ್ದು. ಕನ್ನಡಿಯಲ್ಲಿ ನೇರ ಕಾಣಲಿ ಅಂತ ಅಕ್ಷರ ತಿರುಗಿಸಿರ್ತಾರೆ. ಆ ಕಾಲದಲ್ಲಿ ರಾಶಿರಾಶಿ ಒತ್ತುತ್ತಿದ್ರು. ನನ್ನ ಹತ್ರಾನೂ ಏಳಿವೆ."

"ಕ್ಲಿನಿಕ್ಕಲ್ಲಿ ಕಂಡಿಲ್ಲವಲ್ಲ," ಎಂದ ನೇರಗೆರೆ, ಸಣ್ಣ ದನಿಯಲ್ಲಿ.

"ಮೇಜಿನ ಮೇಲಿಟ್ಟು ನೋಡೋ ಚಿತ್ರ ಇವು. ಗೋಡೆಗೆ ಹಾಕಬಾರದು."

ಹೆಂಡತಿ ಗೋಡೆಯ ತೂತನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ನೆಲ ಒರೆಸುವ ಬಟ್ಟೆ ತಂದು ಅವನ ಕೈಗೆ ಕೊಟ್ಟಳು.

ಮರುದಿನ ಕ್ಲಿನಿಕ್ಕಿನಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಹಳೆಯ ಮರದ ಕಾಲಿನ ಮೇಲೆ ಕೂರಿಸಿದ ದಪ್ಪ ಮಸೂರ, ಅದರ ಬೆನ್ನಿಗೆ ಓರೆಯಾದ ಕನ್ನಡಿ. 'ನನ್ನ ಹತ್ತಿರ ಎರಡಿವೆ. ಇದು ನಿಮಗಿರಲಿ' ಎಂಬ ಚೀಟಿ. ವಾಪಸು ಕಳಿಸಬೇಕೆಂದು ನೇರಗೆರೆ ಸಂಜೆಯವರೆಗೆ ಹಲ್ಲು ಕಚ್ಚಿಕೊಂಡಿದ್ದ. ಕೊನೆಗೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಚಿತ್ರವನ್ನು ಕನ್ನಡಿಯ ಕೆಳಗಿಟ್ಟು ಮಸೂರಕ್ಕೆ ಕಣ್ಣು ಕೊಟ್ಟ. ಕಂಬಗಳು ಕಾಗದ ಬಿಟ್ಟು ಎದ್ದು ನಿಂತವು. ಮೊಗಸಾಲೆ ಒಳಕ್ಕೆ, ಇನ್ನೂ ಒಳಕ್ಕೆ ತೆರೆದುಕೊಂಡಿತು. ಆ ತುದಿಯ ಬಾಗಿಲಿನವರೆಗೆ ನಡೆದುಹೋಗಬಹುದೆನಿಸಿತು. ಊಟಕ್ಕೆ ಮೂರು ಸಲ ಕರೆದರೂ ಅವನಿಗೆ ಕೇಳಿಸಲಿಲ್ಲ. ಷಡ್ಡಕನ ನೆನಪೂ ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನ ಹೊಟ್ಟೆ ತಣ್ಣಗಿತ್ತು.

ಆ ತಂಪು ಶನಿವಾರದವರೆಗೆ ಬಾಳಿತು. ಶನಿವಾರ ಕಚೇರಿಯ ಮುಖ್ಯಸ್ಥರು ಮನೆಗೆ ಬಂದರು. ಬಗ್ಗಿ ಮಸೂರಕ್ಕೆ ಕಣ್ಣಿಟ್ಟವರು ಹತ್ತು ನಿಮಿಷ ಏಳಲಿಲ್ಲ. ಎದ್ದಾಗ ಅವರ ಕಣ್ಣಲ್ಲಿ ನೇರಗೆರೆಗೆ ಚೆನ್ನಾಗಿ ಪರಿಚಯವಿದ್ದ ಆ ಉರಿ ಹೊಳೆಯುತ್ತಿತ್ತು.

"ನನಗೂ ಒಂದು ಬೇಕು ಕಣ್ರೀ. ಎಲ್ಲಿ ಸಿಕ್ತು?"

ನೇರಗೆರೆ ಎದೆಯುಬ್ಬಿಸಿದ. "ಅದಕ್ಕೆ ಕಣ್ಣು ಬೇಕು ಸಾರ್. ಭೂಪಟದ ರಾಶಿ ಕೆಳಗೆ..."

"ಚಿತ್ರ ಇರಲಿ ಬಿಡಿ. ನಾನು ಕೇಳಿದ್ದು ಈ ಮಸೂರ."

ಕಾಫಿ ತರುತ್ತಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು. "ನಮ್ಮ ಭಾವ ಕೊಟ್ಟಿದ್ದು ಸಾರ್. ಇವರೇ ನಿಮ್ಮನ್ನ ಕರ್ಕೊಂಡು ಹೋಗ್ತಾರೆ. ಕ್ಲಿನಿಕ್ಕಲ್ಲಿ ಇನ್ನೂ ಮೂವತ್ತೊಂದು ಚಿತ್ರ ಇವೆ, ನೋಡಿದ್ರೆ ಬಿಟ್ಟು ಬರೋಕೇ ಮನಸ್ಸಾಗಲ್ಲ."